ಭಟ್ಟರು ಸಂತೆಗೆ ಹೋಗುವುದಿಲ್ಲ: ಆಂಗ್ಯುಲರ್‌ನಲ್ಲಿ ಡಿಪೆಂಡೆನ್ಸಿ ಇಂಜೆಕ್ಷನ್

ನಮ್ಮ ಕಡೆ ಮದುವೆ ಮನೆಗೆ ಬಂದ ಅಡುಗೆ ಭಟ್ಟರು ಮೊದಲು ಒಲೆ ಹಚ್ಚುವುದಿಲ್ಲ, ಚೀಟಿ ಬರೆಯುತ್ತಾರೆ. ಎಷ್ಟು ಎಲೆ ಬೀಳುತ್ತದೆ ಎಂದು ಕೇಳುತ್ತಾರೆ. ಆಮೇಲೆ ಅಕ್ಕಿ ಇಷ್ಟು, ತೊಗರಿಬೇಳೆ ಇಷ್ಟು, ಬ್ಯಾಡಗಿ ಮೆಣಸಿನಕಾಯಿ ಇಷ್ಟು, ತೆಂಗಿನಕಾಯಿ ಇಷ್ಟು ಎಂದು ಬರೆದು ಮನೆಯವರ ಕೈಗೆ ಕೊಡುತ್ತಾರೆ. ಅವರು ಚಿಕ್ಕಮಗಳೂರಿನ ಸಂತೆಗೆ ಹೋಗುವುದಿಲ್ಲ. ಸಾಮಾನು ತರುವುದು ಮನೆಯವರ ಕೆಲಸ. ತಂದದ್ದೆಲ್ಲ ಉಗ್ರಾಣ ಸೇರುತ್ತದೆ. ಉಗ್ರಾಣದ ಬಾಗಿಲಲ್ಲಿ ಒಬ್ಬ ಚಿಕ್ಕಪ್ಪನೋ ಭಾವನೋ ಕೂತಿರುತ್ತಾರೆ. ಭಟ್ಟರು ಕೇಳಿದ್ದನ್ನು ಎತ್ತಿ ಕೊಡುತ್ತಾರೆ.

ಈ ಏರ್ಪಾಟಿನಲ್ಲಿ ದೊಡ್ಡ ಅನುಕೂಲ ಇದೆ. ಭಟ್ಟರಿಗೆ ಗೊತ್ತಿರಬೇಕಾದ್ದು ಹುಳಿ ಹೇಗೆ ಮಾಡಬೇಕು ಅನ್ನುವುದು ಮಾತ್ರ. ಬೇಳೆ ಯಾವ ಅಂಗಡಿಯದು, ಕಾಯಿ ಕಡೂರಿನ ಕಡೆಯದೋ ಹಿತ್ತಲಿನದೋ, ಅದು ಅವರಿಗೆ ಬೇಕಿಲ್ಲ. ಹಾಗಾಗಿ ಅದೇ ಭಟ್ಟರು ಇವತ್ತು ಪೇಟೆಯ ಛತ್ರದಲ್ಲಿ, ನಾಳೆ ಮೂಡಿಗೆರೆಯ ಯಾರದೋ ಅಂಗಳದ ಚಪ್ಪರದಲ್ಲಿ ಅದೇ ಹುಳಿ ಮಾಡಬಲ್ಲರು.

ಕೋಡ್‌ನಲ್ಲೂ ಹೀಗೆಯೇ. ಒಂದು ಭಾಗ ಕೆಲಸ ಮಾಡಲು ಇನ್ನೊಂದು ಭಾಗ ಬೇಕಾದರೆ ಆ ಇನ್ನೊಂದನ್ನು ಡಿಪೆಂಡೆನ್ಸಿ ಎನ್ನುತ್ತೇವೆ. ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳದೆ, ‘ನನಗೆ ಇದು ಬೇಕು’ ಎಂದು ಚೀಟಿ ಬರೆದಿಟ್ಟರೆ, ಹೊರಗಿನವರು ತಂದು ಕೈಗೆ ಕೊಡುತ್ತಾರೆ. ಇದೇ ಡಿಪೆಂಡೆನ್ಸಿ ಇಂಜೆಕ್ಷನ್. ಇಂಜೆಕ್ಷನ್ ಅಂದ ಕೂಡಲೇ ಸೂಜಿ ನೆನಪಾಗುತ್ತದೆ, ಅಲ್ವಾ? ಇಲ್ಲಿ ಅದರ ಅರ್ಥ ಹೊರಗಿನಿಂದ ಒಳಗೆ ಕೊಡುವುದು, ಅಷ್ಟೇ. ರೂಢಿ ಹಳೆಯದು. ಈ ಹೆಸರು ನಿಂತದ್ದು 2004ರಲ್ಲಿ ಸಾಫ್ಟ್‌ವೇರ್ ಲೇಖಕ ಮಾರ್ಟಿನ್ ಫೌಲರ್ ಬರೆದ ಒಂದು ಲೇಖನದಿಂದ. ಆಗ ಇದು ಹೆಚ್ಚಾಗಿ ಜಾವಾದವರ ನಡುವಿನ ಮಾತು. 2009ರ ಸುಮಾರಿಗೆ ಮಿಶ್ಕೊ ಹೆವೆರಿ ಶುರು ಮಾಡಿದ ಆಂಗ್ಯುಲರ್‌ಜೆಎಸ್ ಎಂಬ ಫ್ರೇಮ್‌ವರ್ಕ್, ಅಂದರೆ ವೆಬ್ ಆ್ಯಪ್ ಕಟ್ಟಲು ಸಿದ್ಧವಾಗಿ ಸಿಗುವ ಚೌಕಟ್ಟು, ಇದನ್ನು ಬ್ರೌಸರಿನ ಜಾವಾಸ್ಕ್ರಿಪ್ಟ್‌ನಲ್ಲಿ ಎಲ್ಲರಿಗೂ ಪರಿಚಯ ಮಾಡಿಸಿತು. ಇವತ್ತಿನ ಆಂಗ್ಯುಲರ್ ಅದರ ಮುಂದಿನ ರೂಪ.

ಮಳೆ ಪುಸ್ತಕ

ಆಲ್ದೂರಿನ ಹತ್ತಿರ ನಮ್ಮ ದೊಡ್ಡಪ್ಪನ ಕಾಫಿ ತೋಟ ಇದೆ. ಅಲ್ಲಿ ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಕಾಫಿ ಸೀಮೆಯಲ್ಲಿ ಮಳೆ ಅಂದರೆ ಇಂಚು, ಸೆಂಟಿನ ಲೆಕ್ಕ. ಒಂದು ಇಂಚಿಗೆ ನೂರು ಸೆಂಟು. ಬೇಸಿಗೆಯಲ್ಲಿ ಹೂಮಳೆ ಬಿತ್ತೋ ಇಲ್ಲವೋ, ಬಿದ್ದರೆ ಎಷ್ಟು ಸೆಂಟು, ಅದರ ಮೇಲೆ ಮುಂದಿನ ಫಸಲು ನಿಂತಿರುತ್ತದೆ. ಆ ಪುಸ್ತಕಕ್ಕೆ ಮನೆಯಲ್ಲಿ ಬ್ಯಾಂಕ್ ಪಾಸ್‌ಬುಕ್ಕಿನಷ್ಟೇ ಮರ್ಯಾದೆ. ಅದನ್ನು ಫೋನಿಗೆ ತರೋಣ ಎಂದು ನಾನು ಆಂಗ್ಯುಲರ್‌ನಲ್ಲಿ ಒಂದು ಸಣ್ಣ ವೆಬ್ ಆ್ಯಪ್ ಬರೆದೆ.

ಅದರಲ್ಲಿ ಮೂರು ಪುಟ. ಒಂದು ಇವತ್ತಿನ ಮಳೆ ಬರೆಯಲು, ಇನ್ನೊಂದು ತಿಂಗಳ ಪಟ್ಟಿ ನೋಡಲು, ಮತ್ತೊಂದು ಹೋದ ವರ್ಷದ ಜೊತೆ ಹೋಲಿಸಲು. ಮಳೆ ಲೆಕ್ಕವನ್ನು ಸರ್ವರ್‌ಗೆ ಕಳಿಸುವ, ತರುವ ಕೆಲಸಕ್ಕೆ ‘ಮಳೆಸೇವೆ’ ಎಂಬ ಕ್ಲಾಸ್. ಕ್ಲಾಸ್ ಅಂದರೆ ಅಚ್ಚು, ಆ ಅಚ್ಚಿನಿಂದ ಒಂದು ವಸ್ತು ತಯಾರಿಸು ಎಂದು ಹೇಳುವ ಪದ ‘ನ್ಯೂ’. ಮೊದಲ ಸಲ ಬರೆದಾಗ ಪ್ರತಿ ಪುಟದ ಒಳಗೂ ‘ನ್ಯೂ ಮಳೆಸೇವೆ’ ಎಂದು ಬರೆದು ಅಲ್ಲಲ್ಲೇ ತಯಾರಿಸಿಕೊಂಡೆ. ಕೆಲಸ ಮಾಡಿತು.

ಆದರೆ ತೋಟದ ಮೇಲ್ಭಾಗದಲ್ಲಿ ಸಿಗ್ನಲ್ ಸಿಗುವುದಿಲ್ಲ. ಆಷಾಢದಲ್ಲಂತೂ ಕರೆಂಟೂ ಇಲ್ಲ, ಟವರೂ ಇಲ್ಲ. ಹಾಗಾಗಿ ಲೆಕ್ಕವನ್ನು ಮೊದಲು ಫೋನಿನಲ್ಲೇ ಉಳಿಸಿ, ಸಿಗ್ನಲ್ ಸಿಕ್ಕಾಗ ಸರ್ವರ್‌ಗೆ ಕಳಿಸಬೇಕಿತ್ತು. ಅದಕ್ಕೆ ಮಳೆಸೇವೆಗೆ ‘ಉಳಿಕೆ’ ಎಂಬ ಇನ್ನೊಂದು ಕ್ಲಾಸ್ ಬೇಕಾಯಿತು. ‘ನ್ಯೂ ಮಳೆಸೇವೆ’ ಎಂದು ಬರೆದ ಜಾಗಗಳನ್ನೆಲ್ಲ ಹುಡುಕಿ, ಎಲ್ಲ ಕಡೆ ಉಳಿಕೆಯನ್ನೂ ತಯಾರಿಸಿ ಒಳಗೆ ಕೊಡಬೇಕಾಯಿತು. ಹೋಲಿಕೆಯ ಪುಟದಲ್ಲಿ ತಿದ್ದುವುದು ತಪ್ಪಿಹೋಯಿತು. ಅದು ಮಾತ್ರ ಸರ್ವರ್‌ನ ಹಳೆಯ ಲೆಕ್ಕ ತೋರಿಸುತ್ತಿತ್ತು. ದೊಡ್ಡಪ್ಪ ಎರಡೂ ಪುಟ ತೆಗೆದು ನನ್ನ ಮುಂದೆ ಹಿಡಿದು, “ಒಂದೇ ತಿಂಗಳಿಗೆ ಎರಡು ಲೆಕ್ಕ ಬಂದರೆ ಯಾವುದನ್ನ ನಂಬೋದೋ?” ಎಂದು ಕೇಳಿದರು.

ಒಂದು ಪುಟವನ್ನು ಸುಮ್ನೆ ಮರೆತದ್ದು ಮೇಲಿನ ಕಾರಣ. ಒಳಗಿನ ಕಾರಣ ಬೇರೆ. ಪುಟಕ್ಕೆ ಎರಡು ವಿಷಯ ಗೊತ್ತಿತ್ತು. ಮಳೆಯನ್ನು ಹೇಗೆ ತೋರಿಸಬೇಕು ಅನ್ನುವುದು ಒಂದು. ಮಳೆಸೇವೆಯನ್ನು ಹೇಗೆ ತಯಾರಿಸಬೇಕು ಅನ್ನುವುದು ಇನ್ನೊಂದು. ಎರಡನೆಯದು ಅದಕ್ಕೆ ಗೊತ್ತಿರಲೇಬಾರದು. ಭಟ್ಟರನ್ನೇ ಸಂತೆಗೆ ಕಳಿಸಿದ ಹಾಗೆ ಆಗಿತ್ತು.

ಇದನ್ನು ಸರಿ ಮಾಡಲು ಯಾವ ಫ್ರೇಮ್‌ವರ್ಕೂ ಬೇಕಿಲ್ಲ. ಆ್ಯಪ್ ಶುರುವಾಗುವ ಒಂದೇ ಜಾಗದಲ್ಲಿ ಹೀಗೆ ಬರೆದರೆ ಸಾಕು:

ಉಳಿಕೆ = ನ್ಯೂ ಫೋನ್‌ಉಳಿಕೆ ( )
ಗಡಿಯಾರ = ನ್ಯೂ ಗಡಿಯಾರ ( )
ಮಳೆಸೇವೆ = ನ್ಯೂ ಮಳೆಸೇವೆ ( ಉಳಿಕೆ, ಗಡಿಯಾರ )
ತಿಂಗಳಪುಟ = ನ್ಯೂ ತಿಂಗಳಪುಟ ( ಮಳೆಸೇವೆ )

ಇಷ್ಟಕ್ಕೇ ಇದು ಡಿಪೆಂಡೆನ್ಸಿ ಇಂಜೆಕ್ಷನ್ ಆಯಿತು. ‘ನ್ಯೂ’ ಎಂದಾಗ ಓಡುವ ಫಂಕ್ಷನ್ನಿಗೆ ಕನ್‌ಸ್ಟ್ರಕ್ಟರ್ ಎನ್ನುತ್ತಾರೆ. ಅದರ ಬ್ರ್ಯಾಕೆಟ್ ಒಳಗಿರುವುದೇ ಚೀಟಿ. ಕಲಿಯುವವರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ. ಮೊದಲು ಒಂದು ಸಲ ಕೈಯಾರೆ ಹೀಗೆ ಜೋಡಿಸಿ ನೋಡಿ. ಆಮೇಲೆ ಫ್ರೇಮ್‌ವರ್ಕ್ ಮಾಡುವುದೆಲ್ಲ ಇದೇ ಕೆಲಸ ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಹಾಗಾದರೆ ಫ್ರೇಮ್‌ವರ್ಕ್‌ಗೆ ಯಾಕೆ ಬಿಡಬೇಕು? ವೆಬ್ ಫ್ರೇಮ್‌ವರ್ಕ್‌ನಲ್ಲಿ ಪುಟವನ್ನು ಹುಟ್ಟಿಸುವವರು ನಾವಲ್ಲ. ಬಳಸುವವರು ಒಂದು ಬಟನ್ ಒತ್ತುತ್ತಾರೆ, ಆಂಗ್ಯುಲರ್ ತಾನೇ ಬೇಕಾದ ಕಾಂಪೊನೆಂಟನ್ನು, ಅಂದರೆ ಪುಟವನ್ನೋ ಅದರ ಒಂದು ತುಂಡನ್ನೋ, ತಯಾರಿಸಿ ತೆರೆಯ ಮೇಲೆ ಇಡುತ್ತದೆ. ‘ನ್ಯೂ’ ಎಂದು ಹೇಳುವುದು ಅದು. ಅಂದಮೇಲೆ ಕನ್‌ಸ್ಟ್ರಕ್ಟರ್‌ಗೆ ಏನು ಕೊಡಬೇಕು ಅನ್ನುವುದೂ ಅದಕ್ಕೇ ಗೊತ್ತಿರಬೇಕು. ಅದಕ್ಕೇ ಆಂಗ್ಯುಲರ್ ತನ್ನೊಳಗೆ ಒಂದು ಉಗ್ರಾಣ ಇಟ್ಟುಕೊಂಡಿದೆ. ಅದರ ಹೆಸರು ಇಂಜೆಕ್ಟರ್.

ಚೀಟಿ ಓದುವುದು ಹೇಗೆ

ಇಲ್ಲಿ ಒಂದು ಒಳ್ಳೆಯ ಕಥೆ ಇದೆ. ಹಳೆಯ ಆಂಗ್ಯುಲರ್‌ಜೆಎಸ್ ಚೀಟಿ ಓದುತ್ತಿದ್ದ ರೀತಿ ವಿಚಿತ್ರ. ಜಾವಾಸ್ಕ್ರಿಪ್ಟ್‌ನಲ್ಲಿ ಯಾವುದೇ ಫಂಕ್ಷನ್ನಿಗೆ ‘ಟು ಸ್ಟ್ರಿಂಗ್’ ಎಂದು ಹೇಳಿದರೆ ಅದು ತನ್ನ ಕೋಡನ್ನೇ ಅಕ್ಷರಗಳಾಗಿ ಕೊಡುತ್ತದೆ. ಆಂಗ್ಯುಲರ್‌ಜೆಎಸ್ ಅದನ್ನು ಓದಿ, ಬ್ರ್ಯಾಕೆಟ್ ಒಳಗಿನ ಹೆಸರುಗಳನ್ನು ಹೆಕ್ಕಿಕೊಳ್ಳುತ್ತಿತ್ತು. ‘ಡಾಲರ್ ಎಚ್‌ಟಿಟಿಪಿ’ ಎಂಬ ಹೆಸರು ಕಂಡರೆ ಆ ಹೆಸರಿನ ಸೇವೆಯನ್ನು ತಂದು ಕೊಡುತ್ತಿತ್ತು. ನಾವು ಬರೆದ ಹೆಸರೇ ಚೀಟಿ. ಮೊದಲ ಸಲ ನೋಡಿದವರಿಗೆ ಇದು ಮಂತ್ರದ ಹಾಗೆ ಕಾಣುತ್ತಿತ್ತು.

ತೊಂದರೆ ಬರುತ್ತಿದ್ದದ್ದು ಆ್ಯಪನ್ನು ಜನರಿಗೆ ಬಿಡುವ ಹೊತ್ತಿನಲ್ಲಿ. ಫೈಲಿನ ಗಾತ್ರ ಇಳಿಸಲು ಕೋಡನ್ನು ಕುಗ್ಗಿಸುತ್ತೇವೆ. ಕುಗ್ಗಿಸುವ ಸಾಧನ ಉದ್ದ ಹೆಸರುಗಳನ್ನೆಲ್ಲ ಎ, ಬಿ, ಸಿ ಎಂದು ಒಂದೊಂದು ಅಕ್ಷರ ಮಾಡಿಬಿಡುತ್ತದೆ. ಮಾಮೂಲಿ ಕೋಡಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಇಲ್ಲಿ ಹೆಸರೇ ಚೀಟಿ. ‘ತೊಗರಿಬೇಳೆ’ ಎಂದಿದ್ದ ಜಾಗದಲ್ಲಿ ‘ಎ’ ಎಂದು ಬರೆದು ಕೊಟ್ಟರೆ ಉಗ್ರಾಣದ ಭಾವ ಏನು ಮಾಡಬೇಕು? ‘ಅನ್‌ನೋನ್ ಪ್ರೊವೈಡರ್’ ಎಂಬ ಎರರ್ ಬರುತ್ತಿತ್ತು. ಬರೆದವರ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಓಡುವ ಆ್ಯಪ್ ಬಳಸುವವರ ಮುಂದೆ ಬಿದ್ದುಹೋಗುತ್ತಿತ್ತು.

ಅದಕ್ಕೆ ಕಂಡುಕೊಂಡ ದಾರಿ, ಬೇಕಾದ ಸೇವೆಗಳ ಹೆಸರನ್ನು ಉದ್ಧರಣ ಚಿಹ್ನೆಯ (ಕೋಟ್) ಒಳಗೆ ಇನ್ನೊಮ್ಮೆ ಬರೆದು ಫಂಕ್ಷನ್ ಜೊತೆ ಕೊಡುವುದು. ಕೋಟ್ ಒಳಗಿನ ಅಕ್ಷರಗಳನ್ನು ಕುಗ್ಗಿಸುವ ಸಾಧನ ಮುಟ್ಟುವುದಿಲ್ಲ. ಹಾಗೆ ಬರೆಯದಿದ್ದರೆ ಮೊದಲೇ ಎರರ್ ಕೊಡುವ ಕಟ್ಟುನಿಟ್ಟಿನ ಆಯ್ಕೆಯೊಂದು 1.3ರಲ್ಲಿ ಬಂತು. ಕೆಲಸ ನಡೆಯಿತು, ಆದರೆ ಒಂದೇ ಚೀಟಿಯನ್ನು ಎರಡು ಸಲ ಬರೆಯುವ ಕಿರಿಕಿರಿ ಉಳಿಯಿತು.

2016ರ ಸೆಪ್ಟೆಂಬರ್‌ನಲ್ಲಿ ಆಂಗ್ಯುಲರ್ 2 ಬಂದಾಗ ಇದನ್ನು ಬುಡದಿಂದ ಬದಲಿಸಿದರು. ಈಗ ಹೆಸರು ಕೀಲಿಯಲ್ಲ, ಕ್ಲಾಸೇ ಕೀಲಿ. ಜಾವಾಸ್ಕ್ರಿಪ್ಟ್‌ನ ‘ಮ್ಯಾಪ್’ನಲ್ಲಿ ಯಾವ ವಸ್ತುವನ್ನು ಬೇಕಾದರೂ ಕೀಲಿಯಾಗಿ ಇಡಬಹುದು. ಇಂಜೆಕ್ಟರ್‌ನ ಹೊಟ್ಟೆಯಲ್ಲಿರುವುದು ಅಂಥದ್ದೇ ಒಂದು ಪಟ್ಟಿ. ಒಂದು ಬದಿಯಲ್ಲಿ ಕ್ಲಾಸ್, ಇನ್ನೊಂದು ಬದಿಯಲ್ಲಿ ಅದನ್ನು ತಯಾರಿಸುವ ವಿಧಾನ, ಒಮ್ಮೆ ತಯಾರಾದ ಮೇಲೆ ಆ ವಸ್ತು. ಕುಗ್ಗಿಸುವಾಗ ಕ್ಲಾಸಿನ ಹೆಸರು ‘ಎ’ ಆದರೂ ವಸ್ತು ಅದೇ. ಊರಿನವರೆಲ್ಲ ಒಬ್ಬ ಮನುಷ್ಯನ ಹೆಸರನ್ನು ಒಟ್ಟಿಗೇ ಬದಲಿಸಿದರೆ ಅವನೇನೂ ಬೇರೆಯವನಾಗುವುದಿಲ್ಲವಲ್ಲ.

ಇಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಆಂಗ್ಯುಲರ್ ಬರೆಯುವುದು ಟೈಪ್‌ಸ್ಕ್ರಿಪ್ಟ್‌ನಲ್ಲಿ. ಅದರಲ್ಲಿ ಕ್ಲಾಸ್ ಅಲ್ಲದೆ, ಒಂದು ವಸ್ತುವಿನಲ್ಲಿ ಏನೇನಿರಬೇಕು ಎಂದಷ್ಟೇ ಹೇಳುವ ಇಂಟರ್‌ಫೇಸ್ ಎಂಬುದೂ ಇದೆ. ಜಾವಾ ಕಲಿತು ಬಂದವರು ಇಂಟರ್‌ಫೇಸ್ ಹೆಸರನ್ನು ಚೀಟಿಯಲ್ಲಿ ಬರೆಯಲು ಹೋಗುತ್ತಾರೆ. ಅದು ಆಗುವುದಿಲ್ಲ. ಟೈಪ್‌ಸ್ಕ್ರಿಪ್ಟ್‌ನ ಇಂಟರ್‌ಫೇಸ್ ಇರುವುದು ಕೋಡ್ ಬರೆಯುವಾಗ ಮಾತ್ರ. ಕಂಪೈಲ್ ಆಗಿ ಜಾವಾಸ್ಕ್ರಿಪ್ಟ್ ಆದ ಮೇಲೆ ಅದರ ಗುರುತೂ ಉಳಿಯುವುದಿಲ್ಲ. ಓಡುವ ಹೊತ್ತಿಗೆ ಇಲ್ಲದೇ ಇರುವುದನ್ನು ಕೀಲಿ ಮಾಡುವುದು ಹೇಗೆ? ಅದಕ್ಕೆ ‘ಇಂಜೆಕ್ಷನ್ ಟೋಕನ್’ ಎಂಬ ವಸ್ತುವನ್ನು ಆಂಗ್ಯುಲರ್ ಕೊಟ್ಟಿದೆ. ಅದು ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಬಿಲ್ಲೆಯ ಹಾಗೆ. ಬಿಲ್ಲೆಗೆ ಬೇರೆ ಬೆಲೆ ಇಲ್ಲ, ಆದರೆ ಅದನ್ನು ತೋರಿಸಿದರೆ ನಮ್ಮದೇ ಚಪ್ಪಲಿ ಬರುತ್ತದೆ. ನನ್ನ ಆ್ಯಪ್‌ನಲ್ಲಿ ‘ಮಳೆಅಳತೆ’ ಎಂಬ ಟೋಕನ್ ಇದೆ. ಅದನ್ನು ಕೇಳಿದರೆ ‘ಸೆಂಟು’ ಅಥವಾ ‘ಮಿಲಿಮೀಟರ್’ ಎಂಬ ಬರೀ ಒಂದು ಪದ ಸಿಗುತ್ತದೆ. ಪದಕ್ಕೆ ಕ್ಲಾಸ್ ಎಲ್ಲಿಂದ ಬರಬೇಕು? ಇಂಥ ಕಡೆ ಟೋಕನ್ ಬೇಕೇ ಬೇಕು.

ಕೀಲಿ ಆಯಿತು. ಇನ್ನು ಅದಕ್ಕೆ ಏನು ಕೊಡಬೇಕು ಎಂದು ಹೇಳುವುದಕ್ಕೆ ಪ್ರೊವೈಡರ್ ಎನ್ನುತ್ತಾರೆ. ಈ ಕ್ಲಾಸಿನಿಂದ ತಯಾರಿಸಿ ಕೊಡು ಎನ್ನಬಹುದು. ಈ ಸಿದ್ಧ ವಸ್ತುವನ್ನೇ ಕೊಡು ಎನ್ನಬಹುದು. ಈ ಫಂಕ್ಷನ್ ಓಡಿಸಿ ಬಂದದ್ದನ್ನು ಕೊಡು ಎನ್ನಬಹುದು. ಅಲ್ಲಿ ಆಗಲೇ ಇರುವ ಇನ್ನೊಂದನ್ನೇ ಈ ಹೆಸರಿಗೂ ಕೊಡು ಎನ್ನಬಹುದು. ಯೂಸ್‌ಕ್ಲಾಸ್, ಯೂಸ್‌ವ್ಯಾಲ್ಯೂ, ಯೂಸ್‌ಫ್ಯಾಕ್ಟರಿ, ಯೂಸ್‌ಎಕ್ಸಿಸ್ಟಿಂಗ್ ಎಂಬ ಪದಗಳು ಇವೇ.

ಮುಕ್ಕಾಲು ಪಾಲು ಸೇವೆಗಳಿಗೆ ಇದನ್ನೂ ಬರೆಯಬೇಕಿಲ್ಲ. 2018ರಲ್ಲಿ ಆಂಗ್ಯುಲರ್ 6ರ ಜೊತೆ ಬಂದ ‘ಪ್ರೊವೈಡೆಡ್ ಇನ್ ರೂಟ್’ ಎಂಬ ಒಂದು ಸಾಲನ್ನು ಸೇವೆಯ ತಲೆಯ ಮೇಲೆ ಬರೆದರೆ ಸಾಕು. ಇದು ಚಿಕ್ಕ ಅನುಕೂಲದ ಹಾಗೆ ಕಂಡರೂ ಒಳಗೆ ದೊಡ್ಡ ಬದಲಾವಣೆ ಇದೆ. ಮೊದಲು ಒಂದು ಮಾಡ್ಯೂಲ್ ಫೈಲಿನಲ್ಲಿ ಎಲ್ಲ ಸೇವೆಗಳ ಪಟ್ಟಿ ಇರುತ್ತಿತ್ತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆ ಕೋಡ್ ಬೇಕೋ ಬೇಡವೋ ಫೋನಿಗೆ ಇಳಿಯುತ್ತಿತ್ತು. ಈಗ ಎಲ್ಲಿ ಇರುತ್ತೇನೆ ಎಂದು ಸೇವೆಯೇ ಹೇಳುತ್ತದೆ. ಯಾರೂ ಕೇಳದ ಸೇವೆಯನ್ನು ಆ್ಯಪ್ ಕಟ್ಟುವ ಸಾಧನವೇ ಬಿಟ್ಟುಬಿಡಬಹುದು. ತೋಟದಲ್ಲಿ ಸಿಗುವ ಇಷ್ಟೇ ಇಷ್ಟು ಸಿಗ್ನಲ್ಲಿನಲ್ಲಿ ಆ್ಯಪ್ ತೆರೆಯುವವರಿಗೆ ಇದರ ಬೆಲೆ ಗೊತ್ತು.

ಒಂದೇ ಒರಳು, ಬೇರೆ ಬೇರೆ ಉಗ್ರಾಣ

ಇಲ್ಲಿ ಮದುವೆ ಮನೆಯ ಹೋಲಿಕೆಯನ್ನು ಸ್ವಲ್ಪ ತಿದ್ದಬೇಕು. ಉಗ್ರಾಣದ ಅಕ್ಕಿ ಖರ್ಚಾಗುತ್ತದೆ. ಕೇಳಿದಾಗಲೆಲ್ಲ ಹೊಸ ಅಕ್ಕಿ ಬರುತ್ತದೆ. ಇಂಜೆಕ್ಟರ್ ಕೊಡುವುದು ಅಕ್ಕಿಯ ಹಾಗಲ್ಲ, ಒರಳುಕಲ್ಲಿನ ಹಾಗೆ. ಇರುವುದು ಒಂದೇ. ಮೊದಲ ಸಲ ಯಾರಾದರೂ ಕೇಳಿದಾಗ ತಯಾರಾಗುತ್ತದೆ. ಆಮೇಲೆ ಎಷ್ಟು ಜನ ಕೇಳಿದರೂ ಅದೇ ಒರಳು. ಚಟ್ನಿ ರುಬ್ಬಿದವರು ತೊಳೆಯದೆ ಎದ್ದರೆ, ಹಿಂದೆ ಬಂದವರ ಹಿಟ್ಟಿಗೆ ಖಾರ ಹತ್ತುತ್ತದೆ. ಒಂದು ಪುಟ ಮಳೆಸೇವೆಯಲ್ಲಿ ಏನಾದರೂ ಬದಲಿಸಿದರೆ ಉಳಿದ ಪುಟಗಳಿಗೂ ಅದು ಕಾಣುತ್ತದೆ. ಹಲವು ಸಲ ನಮಗೆ ಬೇಕಾದ್ದೇ ಅದು.

ಆದರೆ ಆಂಗ್ಯುಲರ್‌ನಲ್ಲಿ ಉಗ್ರಾಣ ಒಂದೇ ಅಲ್ಲ. ಪ್ರತಿ ಕಾಂಪೊನೆಂಟೂ ತನ್ನದೇ ಸಣ್ಣ ಉಗ್ರಾಣ ಇಟ್ಟುಕೊಳ್ಳಬಹುದು. ಒಂದು ಕಾಂಪೊನೆಂಟ್ ಏನನ್ನಾದರೂ ಕೇಳಿದಾಗ ಹುಡುಕಾಟ ಅದರ ಹತ್ತಿರದಿಂದಲೇ ಶುರುವಾಗುತ್ತದೆ. ತನ್ನಲ್ಲಿ ಇಲ್ಲದಿದ್ದರೆ ತನ್ನನ್ನು ಹಿಡಿದಿರುವ ಕಾಂಪೊನೆಂಟಿನಲ್ಲಿ, ಅಲ್ಲೂ ಇಲ್ಲದಿದ್ದರೆ ಅದರ ಮೇಲಿನದರಲ್ಲಿ. ಹೀಗೆ ಮೇಲೆ ಮೇಲೆ ಹೋಗಿ, ಕೊನೆಗೆ ಇಡೀ ಆ್ಯಪಿನ ರೂಟ್ ಇಂಜೆಕ್ಟರ್ ತಲುಪುತ್ತದೆ. ಅದರಾಚೆ ಪ್ಲಾಟ್‌ಫಾರ್ಮ್‌ನದು ಒಂದು. ತುತ್ತತುದಿಯಲ್ಲಿ ‘ನಲ್ ಇಂಜೆಕ್ಟರ್’. ಅದರ ಹತ್ತಿರ ಏನೂ ಇರುವುದಿಲ್ಲ. ಅಲ್ಲಿಯವರೆಗೆ ಹೋಗಿಯೂ ಸಿಗದಿದ್ದರೆ ‘ನೋ ಪ್ರೊವೈಡರ್ ಫಾರ್ ಮಳೆಸೇವೆ’ ಎಂಬ ಕೆಂಪು ಸಾಲು ಕಾಣುತ್ತದೆ. ಈ ಎರರ್ ಬಂದರೆ ಗಾಬರಿ ಬೇಡ. ಇಷ್ಟೂ ಉಗ್ರಾಣ ಹುಡುಕಿದೆ, ಎಲ್ಲೂ ಇಟ್ಟಿಲ್ಲ ಎಂದು ಅದು ಹೇಳುತ್ತಿದೆ.

ಎರರ್ ಬರದೆ ಕಾಡುವ ತೊಂದರೆ ಇದಕ್ಕಿಂತ ಕೆಟ್ಟದ್ದು. ಮಳೆ ಆ್ಯಪಿನಲ್ಲಿ ಒಮ್ಮೆ ಹೀಗಾಯಿತು. ಬರೆಯುವ ಪುಟದಲ್ಲಿ 85 ಸೆಂಟು ಎಂದು ಹಾಕಿ ಉಳಿಸಿದರೆ, ಪಕ್ಕದ ತಿಂಗಳ ಪಟ್ಟಿಯಲ್ಲಿ ಅದು ಕಾಣುತ್ತಿರಲಿಲ್ಲ. ಆ್ಯಪ್ ಮುಚ್ಚಿ ತೆರೆದರೆ ಕಾಣುತ್ತಿತ್ತು. ಒಂದು ಸಂಜೆಯೆಲ್ಲ ಉಳಿಕೆಯ ಕೋಡಿನಲ್ಲೇ ಹುಡುಕಿದೆ. ಅಲ್ಲಿ ತಪ್ಪೇನೂ ಇರಲಿಲ್ಲ. ಯಾವಾಗಲೋ ನಾನೇ ಬರೆಯುವ ಪುಟದ ‘ಪ್ರೊವೈಡರ್ಸ್’ ಪಟ್ಟಿಯಲ್ಲಿ ಮಳೆಸೇವೆಯ ಹೆಸರು ಸೇರಿಸಿದ್ದೆ. ಆ ಒಂದು ಹೆಸರಿನಿಂದ ಆ ಪುಟಕ್ಕೆ ಬೇರೆಯದೇ ಮಳೆಸೇವೆ ಹುಟ್ಟಿತ್ತು. ಹುಡುಕಾಟ ಮೊದಲ ಉಗ್ರಾಣದಲ್ಲೇ ನಿಂತುಬಿಡುತ್ತಿತ್ತು, ರೂಟ್‌ವರೆಗೆ ಹೋಗುತ್ತಲೇ ಇರಲಿಲ್ಲ. ಒಂದು ಒರಳಿನಲ್ಲಿ ರುಬ್ಬಿ ಇನ್ನೊಂದು ಒರಳಿನಲ್ಲಿ ಚಟ್ನಿ ಹುಡುಕಿದ ಹಾಗೆ. ಒಂದು ಪದ ಅಳಿಸಿದೆ, ಸರಿಹೋಯಿತು. ‘ಬದಲಿಸಿದ್ದು ಇನ್ನೊಂದು ಪುಟದಲ್ಲಿ ಕಾಣುತ್ತಿಲ್ಲ’ ಎಂದು ಯಾರಾದರೂ ಹೇಳಿದರೆ ನಾನೀಗ ಮೊದಲು ನೋಡುವುದು ಕಾಂಪೊನೆಂಟಿನ ಆ ಪಟ್ಟಿಯನ್ನೇ.

ಹಾಗೆಂದು ಸಣ್ಣ ಉಗ್ರಾಣ ತಪ್ಪಲ್ಲ. ಅದಕ್ಕೂ ಜಾಗ ಇದೆ. ತೋಟದಲ್ಲಿ ಹಲವು ಬ್ಲಾಕ್‌ಗಳು. ಪ್ರತಿ ಬ್ಲಾಕಿಗೂ ತೆರೆಯ ಮೇಲೆ ಒಂದೊಂದು ಕಾರ್ಡ್, ಕಾರ್ಡಿನಲ್ಲಿ ಇನ್ನೂ ಉಳಿಸದ ಅರ್ಧ ಬರೆದ ಟಿಪ್ಪಣಿ. ಮೇಲಿನ ಬ್ಲಾಕಿನ ಕರಡು ಕೆಳಗಿನ ಬ್ಲಾಕಿನ ಕಾರ್ಡಿಗೆ ಬರಬಾರದು. ಅಲ್ಲಿ ‘ಕರಡುಸೇವೆ’ಯನ್ನು ಕಾರ್ಡಿನ ಪ್ರೊವೈಡರ್ಸ್‌ನಲ್ಲೇ ಬರೆದಿದ್ದೇನೆ. ಪ್ರತಿ ಕಾರ್ಡಿಗೂ ಅದರದೇ ಕರಡು. ಕಾರ್ಡ್ ತೆರೆಯಿಂದ ಹೋದಾಗ ಅದರ ಸೇವೆಯೂ ಹೋಗುತ್ತದೆ. ಯಾವ ವಸ್ತು ಎಷ್ಟು ಹೊತ್ತು ಬದುಕಬೇಕು, ಯಾರ್‍ಯಾರ ನಡುವೆ ಹಂಚಿಕೆಯಾಗಬೇಕು ಅನ್ನುವುದನ್ನು ಎಲ್ಲಿ ಪ್ರೊವೈಡ್ ಮಾಡುತ್ತೇವೆ ಅನ್ನುವುದರಿಂದಲೇ ಹೇಳುತ್ತೇವೆ. ನನ್ನ ಮಟ್ಟಿಗೆ ಆಂಗ್ಯುಲರ್‌ನ ಇಡೀ ಏರ್ಪಾಟಿನಲ್ಲಿ ಸೊಗಸಾದ ಭಾಗ ಇದು.

2022ರಲ್ಲಿ ಬಂದ ಆಂಗ್ಯುಲರ್ 14ರಿಂದ ಚೀಟಿಯನ್ನು ಕನ್‌ಸ್ಟ್ರಕ್ಟರ್‌ನ ಬ್ರ್ಯಾಕೆಟ್‌ನಲ್ಲೇ ಬರೆಯಬೇಕೆಂದಿಲ್ಲ. ಕ್ಲಾಸಿನ ಒಳಗೆ ‘ಇಂಜೆಕ್ಟ್’ ಎಂಬ ಫಂಕ್ಷನ್ ಕರೆದು ‘ಮಳೆಸೇವೆ ಕೊಡು’ ಎನ್ನಬಹುದು. ಈಗ ಹೊಸ ಕೋಡಿನಲ್ಲಿ ಜಾಸ್ತಿ ಕಾಣುವುದು ಇದೇ. ಆದರೆ ಇದನ್ನು ಎಲ್ಲೆಂದರಲ್ಲಿ ಕರೆದರೆ ನಡೆಯುವುದಿಲ್ಲ. ಆಂಗ್ಯುಲರ್ ಒಂದು ವಸ್ತುವನ್ನು ತಯಾರಿಸುವ ಮುಂಚೆ ‘ಈಗ ನಡೆಯುತ್ತಿರುವ ಇಂಜೆಕ್ಟರ್ ಇದು’ ಎಂದು ಒಳಗೆ ಗುರುತು ಹಾಕಿಕೊಳ್ಳುತ್ತದೆ. ತಯಾರಿ ಮುಗಿದ ಕೂಡಲೇ ಆ ಗುರುತು ತೆಗೆಯುತ್ತದೆ. ಇಂಜೆಕ್ಟ್ ಫಂಕ್ಷನ್ ನೋಡುವುದು ಆ ಗುರುತನ್ನು. ಬಟನ್ ಒತ್ತಿದಾಗ ಓಡುವ ಕೋಡಿನಲ್ಲೋ, ‘ಅವೇಟ್’ (ಒಂದು ಕೆಲಸ ಮುಗಿಯುವವರೆಗೆ ಕಾಯುವುದು) ಆದ ಮುಂದಿನ ಸಾಲಿನಲ್ಲೋ ಕರೆದರೆ ಅಷ್ಟು ಹೊತ್ತಿಗೆ ಗುರುತು ಇರುವುದಿಲ್ಲ. ಉಗ್ರಾಣದ ಬಾಗಿಲು ಹಾಕಿರುತ್ತದೆ, ಎರರ್ ಬರುತ್ತದೆ. ಬೇಕಾದ್ದನ್ನೆಲ್ಲ ಹುಟ್ಟುವಾಗಲೇ ಕೇಳಿ ಇಟ್ಟುಕೊಳ್ಳಬೇಕು.

ಎಂಟೂವರೆಯ ಪರೀಕ್ಷೆ

ಮಳೆಸೇವೆಯ ಚೀಟಿಯಲ್ಲಿ ಗಡಿಯಾರ ಯಾಕೆ ಎಂದು ನಿಮಗೆ ಅನ್ನಿಸಿರಬಹುದು. ಸಮಯ ಬೇಕಾದರೆ ‘ನ್ಯೂ ಡೇಟ್’ ಎಂದರೆ ಮುಗಿಯಿತಲ್ಲ? ಡಿಪೆಂಡೆನ್ಸಿ ಇಂಜೆಕ್ಷನ್ನಿನ ಬೆಲೆ ನನಗೆ ಸರಿಯಾಗಿ ತಿಳಿದದ್ದು ಆ ಗಡಿಯಾರದಿಂದಲೇ.

ಭಾರತದ ಹವಾಮಾನ ಇಲಾಖೆ ಮಳೆಯ ದಿನವನ್ನು ನಡುರಾತ್ರಿಯಿಂದ ಎಣಿಸುವುದಿಲ್ಲ. ಬೆಳಿಗ್ಗೆ 8:30ರಿಂದ ಮರುದಿನ ಬೆಳಿಗ್ಗೆ 8:30ರವರೆಗೆ ಬಿದ್ದ ಮಳೆಯನ್ನು ಆ ಮರುದಿನದ ತಾರೀಖಿಗೆ ಬರೆಯುತ್ತದೆ. ನಾನೂ ಆ್ಯಪಿಗೆ ಅದೇ ನಿಯಮ ಹಾಕಿದೆ. ಈ ಕ್ಷಣ ಸುರಿಯುತ್ತಿರುವ ಮಳೆ ಯಾವ ತಾರೀಖಿನ ಲೆಕ್ಕ? ಗಂಟೆ 8:29 ಆಗಿದ್ದರೆ ಇವತ್ತಿನದು. 8:31 ಆಗಿದ್ದರೆ ನಾಳೆಯದು. ಮೇ 31ರ ಬೆಳಿಗ್ಗೆ 8:31 ಆಗಿದ್ದರೆ ಮಳೆ ಜೂನ್ ತಿಂಗಳ ಲೆಕ್ಕಕ್ಕೇ ಹೋಗುತ್ತದೆ.

ಇದು ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಪರೀಕ್ಷಿಸುವುದು ಹೇಗೆ? ಕೋಡಿನ ಒಳಗೆ ‘ನ್ಯೂ ಡೇಟ್’ ಇದ್ದರೆ ಅದು ನಿಜವಾದ ಗಂಟೆಯನ್ನೇ ಕೊಡುತ್ತದೆ. ನಾನು ಮೇ 31ರ ಬೆಳಿಗ್ಗೆ ಎದ್ದು ಎಂಟೂವರೆಗೆ ಕಾಯಬೇಕು. ಗಡಿಯಾರ ಚೀಟಿಯಲ್ಲಿದ್ದರೆ ಕಾಯಬೇಕಿಲ್ಲ. ಆಂಗ್ಯುಲರ್‌ನ ಪರೀಕ್ಷೆಗೆಂದೇ ಇರುವ ‘ಟೆಸ್ಟ್‌ಬೆಡ್’ನಲ್ಲಿ, ಯಾರಾದರೂ ಗಡಿಯಾರ ಕೇಳಿದರೆ ಈ ನಿಂತ ಗಡಿಯಾರ ಕೊಡು ಎಂದು ಒಂದು ಸಾಲು ಬರೆಯುತ್ತೇನೆ. ಒಂದರಲ್ಲಿ 8:29, ಇನ್ನೊಂದರಲ್ಲಿ 8:31, ಮತ್ತೊಂದರಲ್ಲಿ ಮೇ 31. ಮೂರೂ ಪರೀಕ್ಷೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ. ಮಳೆಸೇವೆಯ ಒಂದು ಅಕ್ಷರವನ್ನೂ ಬದಲಿಸಿಲ್ಲ. ತನಗೆ ಕೊಟ್ಟದ್ದು ನಿಂತ ಗಡಿಯಾರ ಎಂದು ಅದಕ್ಕೆ ಗೊತ್ತೂ ಇಲ್ಲ.

ಈ ಪರೀಕ್ಷೆಯೇ ಇನ್ನೊಂದು ತಪ್ಪನ್ನು ಹಿಡಿದುಕೊಟ್ಟಿತು. ನನ್ನ ಲ್ಯಾಪ್‌ಟಾಪಿನಲ್ಲಿ ಪಾಸಾದದ್ದು ಸರ್ವರ್‌ನಲ್ಲಿ ಫೇಲ್ ಆಯಿತು. ಆ ಸರ್ವರ್‌ನ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿತ್ತು. ನಮ್ಮ ಬೆಳಿಗ್ಗೆ 8:30 ಅಂದರೆ ಅಲ್ಲಿ ನಸುಕಿನ 3:00. ಗಂಟೆಯನ್ನು ಭಾರತದ ಸಮಯಕ್ಕೆ ತಿರುಗಿಸಿ ಹೋಲಿಸಬೇಕು ಎಂಬುದು ನನಗೆ ಹೊಳೆದಿರಲಿಲ್ಲ. ಮಳೆಗಾಲ ಶುರುವಾಗುವ ಮುಂಚೆಯೇ ಅದು ಸಿಕ್ಕಿದ್ದು ದೊಡ್ಡ ಸಮಾಧಾನ.

ಎಲ್ಲಿ ಬೇಡ

ಎಲ್ಲವನ್ನೂ ಚೀಟಿಗೆ ಹಾಕಬೇಕಾಗಿಲ್ಲ. ಒಂದು ಸೆಂಟು ಅಂದರೆ 0.254 ಮಿಲಿಮೀಟರ್. ಈ ಲೆಕ್ಕ ಮಾಡುವ ಫಂಕ್ಷನ್ ಎಂದೂ ಬದಲಾಗುವುದಿಲ್ಲ. ಅದಕ್ಕೆ ನೆಟ್‌ವರ್ಕ್ ಬೇಡ, ಗಡಿಯಾರ ಬೇಡ, ಏನನ್ನೂ ನೆನಪಿಟ್ಟುಕೊಳ್ಳುವುದೂ ಬೇಡ. ಅದನ್ನು ನೇರವಾಗಿ ಇಂಪೋರ್ಟ್ ಮಾಡಿಕೊಂಡರೆ ಆಯಿತು. ಭಟ್ಟರು ತಮ್ಮ ಕೈಬೆರಳಿಗೆ ಚೀಟಿ ಬರೆಯುವುದಿಲ್ಲ. ಹೊರಗಿನ ಲೋಕವನ್ನು ಮುಟ್ಟುವಂಥದ್ದು, ಹಲವರು ಹಂಚಿಕೊಳ್ಳುವಂಥದ್ದು, ಮುಂದೆ ಬೇರೆ ಬಗೆಯದು ಬರಬಹುದಾದದ್ದು, ಪರೀಕ್ಷೆಯಲ್ಲಿ ಸುಳ್ಳುರೂಪ ಬೇಕಾಗುವಂಥದ್ದು ಚೀಟಿಯಲ್ಲಿರಲಿ.

ಇನ್ನೊಂದು ಅಡ್ಡದಾರಿಯನ್ನು ನಾನು ಹಲವು ಪ್ರಾಜೆಕ್ಟ್‌ಗಳಲ್ಲಿ ಕಂಡಿದ್ದೇನೆ. ಇಂಜೆಕ್ಟರನ್ನೇ ಕ್ಲಾಸಿನ ಒಳಗೆ ತೆಗೆದುಕೊಂಡು, ಬೇಕಾದಾಗ ಬೇಕಾದ್ದನ್ನು ಅದರಿಂದ ಎತ್ತಿಕೊಳ್ಳುವುದು. ಉಗ್ರಾಣದ ಬೀಗದಕೈಯನ್ನೇ ಭಟ್ಟರಿಗೆ ಕೊಟ್ಟ ಹಾಗೆ. ಆಗ ಚೀಟಿಯೇ ಇರುವುದಿಲ್ಲ. ಈ ಕ್ಲಾಸಿಗೆ ಏನೇನು ಬೇಕು ಎಂದು ತಿಳಿಯಲು ಒಳಗಿನ ಸಾಲುಗಳನ್ನೆಲ್ಲ ಓದಬೇಕು. ಕೆಲವು ಅಪರೂಪದ ಜಾಗಗಳಲ್ಲಿ ಇದು ಬೇಕಾಗುತ್ತದೆ. ದಿನದ ಕೋಡಿನಲ್ಲಿ ಬೇಡ.

ಇನ್ನು, ಮಳೆಸೇವೆಗೆ ವರದಿಸೇವೆ ಬೇಕು, ವರದಿಸೇವೆಗೆ ಮಳೆಸೇವೆ ಬೇಕು ಎಂದಾದರೆ? ಹುಚ್ಚು ಬಿಡದೆ ಮದುವೆ ಆಗೋಲ್ಲ, ಮದುವೆ ಆಗದೆ ಹುಚ್ಚು ಬಿಡೋಲ್ಲ ಎನ್ನುವ ಗಾದೆಯೇ. ಯಾವುದನ್ನು ಮೊದಲು ತಯಾರಿಸಬೇಕೆಂದು ಆಂಗ್ಯುಲರ್‌ಗೆ ಗೊತ್ತಾಗದೆ ‘ಸರ್ಕ್ಯುಲರ್ ಡಿಪೆಂಡೆನ್ಸಿ’ ಎಂಬ ಎರರ್ ಕೊಡುತ್ತದೆ. ಇದಕ್ಕೆ ಸುತ್ತುಬಳಸಿನ ಉಪಾಯಗಳಿವೆ. ನಾನು ಅವುಗಳ ತಂಟೆಗೆ ಹೋಗುವುದಿಲ್ಲ. ಎರಡಕ್ಕೂ ಬೇಕಾದ ತುಂಡನ್ನು ಕತ್ತರಿಸಿ ಮೂರನೆಯ ಕ್ಲಾಸ್ ಮಾಡಿದರೆ, ಹೆಚ್ಚು ಸಲ ಗಂಟು ಬಿಚ್ಚಿಕೊಳ್ಳುತ್ತದೆ.

ಆಂಗ್ಯುಲರ್ ಬಿಟ್ಟು ಬೇರೆ ಕಡೆ ಹೋದರೂ ಇದೇ ವಿಚಾರ ಸಿಗುತ್ತದೆ. ವ್ಯೂ ಎಂಬ ಇನ್ನೊಂದು ಫ್ರೇಮ್‌ವರ್ಕ್‌ನಲ್ಲಿ ‘ಪ್ರೊವೈಡ್’ ಮತ್ತು ‘ಇಂಜೆಕ್ಟ್’ ಎಂಬ ಜೋಡಿ ಇದೆ. ರಿಯಾಕ್ಟ್‌ನ ‘ಕಾಂಟೆಕ್ಸ್ಟ್’ ಕೂಡ ಮೇಲಿನವರು ಇಟ್ಟದ್ದನ್ನು ಕೆಳಗಿನವರು ಎತ್ತಿಕೊಳ್ಳುವ ದಾರಿ, ಆದರೆ ವಸ್ತುವನ್ನು ತಯಾರಿಸಿ ಕೊಡುವ ಕೆಲಸ ಅದರದ್ದಲ್ಲ. ಸರ್ವರ್ ಕಡೆಯ ನೆಸ್ಟ್‌ಜೆಎಸ್ ಅಂತೂ ಆಂಗ್ಯುಲರ್‌ನ ದಾರಿಯನ್ನೇ ಹಿಡಿದಿದೆ. ಅಲ್ಲಿ ಪ್ರತಿ ರಿಕ್ವೆಸ್ಟಿಗೂ ಹೊಸ ಸೇವೆ ಬೇಕೆಂದೂ ಹೇಳಬಹುದು.

ಮೊನ್ನೆ ದೊಡ್ಡಪ್ಪನ ನೆಂಟರೊಬ್ಬರು ಸಕಲೇಶಪುರದಿಂದ ಬಂದವರು ಆ್ಯಪ್ ನೋಡಿ ತಮಗೂ ಬೇಕೆಂದರು. ಅವರು ಬರೆಯುವುದು ಮಿಲಿಮೀಟರ್‌ನಲ್ಲಿ. ಅವರ ತೋಟಕ್ಕೆ ಮಳೆಅಳತೆ ಟೋಕನ್ನಿನ ಎದುರು ಇದ್ದ ಪದ ಬದಲಿಸಿದೆ. ಅದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಅದೇ ಹೊತ್ತಿನಲ್ಲಿ ಮಳೆಸೇವೆಯ ಚೀಟಿ ಕಣ್ಣಿಗೆ ಬಿತ್ತು. ಉಳಿಕೆ, ಗಡಿಯಾರ, ಸರ್ವರ್, ಅಳತೆ, ಬಳಕೆದಾರ, ಭಾಷೆ, ಪ್ರಿಂಟರ್, ಎಚ್ಚರಿಕೆ ಗಂಟೆ. ಎಂಟು ಸಾಲು. ಮಳೆ ಲೆಕ್ಕಕ್ಕೆ ಪ್ರಿಂಟರ್ ಯಾಕೆ ಬೇಕು? ‘ನ್ಯೂ’ಗಳು ಒಳಗೆಲ್ಲೋ ಚದುರಿದ್ದಿದ್ದರೆ ಇದು ನನಗೆ ಕಾಣುತ್ತಲೇ ಇರಲಿಲ್ಲ. ಈ ವಾರ ಅದನ್ನು ಎರಡಾಗಿ ಒಡೆಯುತ್ತಿದ್ದೇನೆ. ಲೆಕ್ಕ ಇಡುವುದು ಒಂದು, ವರದಿ ತೆಗೆದು ಪ್ರಿಂಟ್ ಮಾಡುವುದು ಇನ್ನೊಂದು. ಲೆಕ್ಕದ ಕಡೆಗೆ ಉಳಿಕೆ, ಗಡಿಯಾರ, ಸರ್ವರ್, ಅಳತೆ ನಾಲ್ಕೇ ಉಳಿದಿವೆ.